ಜರ್ಬಿಲ್‌ಗಳಿಗೆ ಸೋಪು ಹಾಕಿದ ಅಕ್ಕ

ಲಾಂಡ್ರಿಯಿಂದ
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೈಬೆರಳ ಚರ್ಮ ಸುಲಿಯುವುದು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ, ಇಲ್ಲ ಬಿಸ್ಕೆಟ್ಟಿನಲ್ಲೇ ದಿನ ದೂಡುತ್ತಿದ್ದೀಯೋ? ಅಮ್ಮ ಇದ್ದಿದ್ದರೆ ಇದನ್ನೆಲ್ಲ ಅವಳೇ ಕೇಳುತ್ತಿದ್ದಳು. ಈಗ ಆ ಕೆಲಸವೂ ನನ್ನ ತಲೆಗೇ ಬಂದಿದೆ. ನಾನು ಚೆನ್ನಾಗಿದ್ದೇನೆ. ನಿನ್ನ ಜರ್ಬಿಲ್‌ಗಳು ಚೆನ್ನಾಗಿರಲಿಲ್ಲ, ಅದಕ್ಕೇ ಈ ಕಾಗದ.

"ಮೂರು ತಿಂಗಳ ಕಂಪ್ಯೂಟರ್ ಟ್ರೈನಿಂಗ್ ಅಷ್ಟೇ ಅಕ್ಕಾ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬಂದ್‌ಬಿಡ್ತೀನಿ. ಇವನ್ನ ಅಂಗಡೀಲೇ ಇಟ್ಕೋ, ನಿಂಗೂ ಜೊತೆಯಾಗುತ್ತೆ" ಎಂದು ನೀನು ಪಂಜರವನ್ನು ನನ್ನ ಪಕ್ಕದಲ್ಲಿಟ್ಟು ಬಸ್ಸು ಹತ್ತಿದೆ. ಅಂಗೈಯಗಲದ ಮರಳುಗಾಡಿನ ಇಲಿಗಳು, ಇವುಗಳ ಮೇಲೆ ನನಗೆಂಥ ಮಮತೆ ಎಂದುಕೊಂಡಿದ್ದೆ. ಬಂತು, ಏನು ಮಾಡಲಿ? ನಾನು ಅಂಗಿಯ ಕಾಲರ್ ತಿಕ್ಕುವಾಗ ಇಬ್ಬರಲ್ಲಿ ದಪ್ಪಣ್ಣ ಹಿಂಗಾಲ ಮೇಲೆ ಎದ್ದು ನಿಂತು ಮೇಸ್ತ್ರಿಯ ಹಾಗೆ ನೋಡುತ್ತಾನೆ. ಚಿಲ್ಟಾರಿ ಅವನ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಕಳೆದ ತಿಂಗಳು ಇಬ್ಬರ ಕೂದಲೂ ಎಣ್ಣೆ ಹಚ್ಚಿದಂತೆ ಜಿಡ್ಡುಗಟ್ಟಿ, ಎದ್ದೆದ್ದು ನಿಂತಿತು. ಕೊಳೆ ಎಂದುಕೊಂಡೆ. ಜಿಡ್ಡು ಕಂಡರೆ ಸುಮ್ಮನಿರುವ ಕೈಯೇ ನನ್ನದು? ಉಗುರುಬೆಚ್ಚಗಿನ ನೀರಿಗೆ ರೇಷ್ಮೆ ಬಟ್ಟೆಯ ಸೋಪು ಕದಡಿ, ಇಬ್ಬರನ್ನೂ ಅದ್ದಿ ತೆಗೆದು, ಟವೆಲ್ಲಿನಲ್ಲಿ ಒತ್ತಿ ಇಟ್ಟೆ. ಇಸ್ತ್ರಿ ಒಂದು ಮಾಡಲಿಲ್ಲ. ನಗು, ನಗು. ಮಾರನೆಯ ದಿನ ಚಿಲ್ಟಾರಿ ಮೂಲೆಯಲ್ಲಿ ನಡುಗುತ್ತ ಕೂತಿದ್ದ. ಮೂಗಿನ ಸುತ್ತ ಕೂದಲು ಉದುರಿ, ಚರ್ಮ ಹಸಿಯಾಗಿ, ಕೆಂಪಗೆ ರಕ್ತದಂಥದ್ದು ಒಣಗಿತ್ತು. ಅಂಗಡಿ ಬಾಗಿಲೆಳೆದು, ಪಂಜರವನ್ನು ಬಟ್ಟೆ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ.

ಅವರು ಚರ್ಮ ಕೆರೆದು ನೋಡಿ, ಹುಳು ಏನೂ ಇಲ್ಲ ಎಂದರು. ಕೆಂಪಗಿದ್ದದ್ದು ರಕ್ತವೂ ಅಲ್ಲವಂತೆ, ಕಣ್ಣಿನ ಹಿಂದಿನ ಗ್ರಂಥಿಯಿಂದ ಇಳಿಯುವ ನೀರು. ಒಣ ಮರಳಿನಲ್ಲಿ ಹೊರಳಿ ಅದನ್ನು ಅವೇ ಶುಚಿ ಮಾಡಿಕೊಳ್ಳುತ್ತವಂತೆ. ತೇವದಲ್ಲಿ ಅದು ಅಲ್ಲೇ ಅಂಟಿ ಚರ್ಮವನ್ನು ಸುಡುತ್ತದೆ, ಕೂದಲೂ ಜಿಡ್ಡಾಗುತ್ತದೆ. ಇವಕ್ಕೆ ನೀರಿನ ಸ್ನಾನವೇ ಕೂಡದು, ಇಸ್ತ್ರಿಯ ಹಬೆ ತುಂಬಿದ ಅಂಗಡಿಯಂತೂ ಬೇಡವೇ ಬೇಡ ಎಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಮುಲಾಮು ತೆಗೆದುಕೊಳ್ಳುತ್ತಿದ್ದಾಗ, "ಇದನ್ನೆಲ್ಲ ನಿಮ್ಮ ತಂಗಿಗೆ ಹೇಳಿದ್ನಲ್ಲಮ್ಮ" ಎಂದರು. "ಹೊರಡೋ ಮುಂಚೆ ಬಂದಿದ್ರು. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ನಂಗೂ ಆ ಸೋಪು ಹಬೆ ಆಗಲ್ಲ, ಇನ್ನು ವಾಪಸ್ ಬರಲ್ಲ ಅಂದ್ರು. ಇವನ್ನೂ ಕರ್ಕೊಂಡ್ ಹೋಗಿರ್ತಾರೆ ಅಂದ್ಕೊಂಡಿದ್ದೆ."

ನಾನು ಹೂಂ ಎಂದೆ. ಎಲ್ಲ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೇ ಬಂದೆ. ಈ ಕೆಲಸ ನಿನಗೆ ಬೇಡವಾದದ್ದಕ್ಕೆ ಅಲ್ಲ ಪುಟ್ಟಿ. ಸುಲಿದ ಆ ಕೈಗೆ ಎಣ್ಣೆ ಹಚ್ಚಿದವಳು ನಾನೇ. ವಾಪಸ್ಸು ಬರುವುದಿಲ್ಲ ಎಂದು ಮನಸ್ಸಿನಲ್ಲಿ ಖಾತ್ರಿ ಮಾಡಿಕೊಂಡು, ನನ್ನ ಮುಖ ನೋಡಿ ಮೂರು ತಿಂಗಳು ಎಂದೆಯಲ್ಲ, ಅದಕ್ಕೆ. ಇವನ್ನು ಕರೆದುಕೊಂಡು ಹೋದರೆ ನನಗೆ ತಿಳಿದುಬಿಡುತ್ತದೆ ಎಂದು ತಾನೆ ಬಿಟ್ಟುಹೋದದ್ದು? ಇವಕ್ಕೆ ಹಬೆ ಆಗದು ಎಂದು ಹೇಳಿದರೆ, ಯಾರು ಹೇಳಿದರು ಎಂದು ಕೇಳಿ ನಾನು ಡಾಕ್ಟರ ತನಕ ಹೋದೇನು ಎಂಬ ಭಯ ನಿನಗೆ. ನನ್ನನ್ನು ನಂಬಿಸಲು ಆ ಮೂಕ ಜೀವಗಳನ್ನು ಒತ್ತೆ ಇಟ್ಟೆ. ಡಾಕ್ಟರ ಮುಂದೆ ಆಡಲು ಬಂದ ಮಾತು ಒಡಹುಟ್ಟಿದವಳ ಮುಂದೆ ಬಾಯಿಗೆ ಬರಲಿಲ್ಲವೇ? ನಾನೇನು ಕಟ್ಟಿ ಹಾಕುತ್ತಿದ್ದೆನೇ? ಅತ್ತಿರುತ್ತಿದ್ದೆ, ನಿಜ. ಅತ್ತು, ನಿನ್ನ ಪೆಟ್ಟಿಗೆಯನ್ನು ನಾನೇ ತುಂಬಿಕೊಡುತ್ತಿದ್ದೆ.

ಈಗ ಪಂಜರ ಮಹಡಿಯ ನಿನ್ನ ಕೋಣೆಯಲ್ಲಿದೆ. ಮರಳಿನ ಬಟ್ಟಲು ಇಟ್ಟಿದ್ದೇನೆ. ಚಿಲ್ಟಾರಿಯ ಮೂಗಿನ ಮೇಲೆ ಕೂದಲು ಚಿಗುರುತ್ತಿದೆ.

ನನ್ನ ಕೋಪ ನನ್ನ ಹತ್ತಿರ ಇರಲಿ, ನೀನು ಎಲ್ಲಿದ್ದರೂ ಸುಖವಾಗಿರು.

ನಿನ್ನ
ಅಕ್ಕ

ತಾ.ಕ.: ಬಟ್ಟೆಯ ಗಾಡಿ ಬಂತು, ಅವಸರದಲ್ಲಿದ್ದೇನೆ. ಹಿಂದಿನ ಬೀದಿಯ ಹೆಂಗಸೊಬ್ಬಳು ಕೆಲಸ ಕೇಳಿಕೊಂಡು ಎರಡು ಸಲ ಬಂದಿದ್ದಳು. "ಆ ಜಾಗ ನನ್ನ ತಂಗೀದು" ಎಂದು ಎರಡು ಸಲವೂ ಕಳಿಸಿದೆ. ಎರಡನೇ ಸಲ ಕಳಿಸಿದ್ದು ಡಾಕ್ಟರ ಹತ್ತಿರ ಹೋಗಿಬಂದ ಮೇಲೆ. ತಿಂಗಳ ಕೊನೆಗೆ ಮತ್ತೆ ಬರುತ್ತಾಳಂತೆ. ಅಷ್ಟರೊಳಗೆ, ಬರುವುದಿಲ್ಲ ಎಂದು ನಿನ್ನ ಕೈಯಾರೆ ಒಂದು ಸಾಲು ಬರೆದುಬಿಡು. ಬೇರೆಯವರು ಹೇಳಿದರೆ ನನಗೆ ನಂಬಲು ಆಗುತ್ತಿಲ್ಲ.