ಬಾಲದ ಸವಾರ

ದೋಣಿಕಟ್ಟೆಯ ವಸತಿಗೃಹ,
ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿ ಮಗಳೇ,

ಬೈಯಬೇಡ! ಮೊದಲ ದ್ವೀಪದಿಂದಲೇ ಸುದ್ದಿ ಕೊಡುತ್ತೇನೆಂದು ಎದೆ ತಟ್ಟಿಕೊಂಡು ಹೊರಟವನು, ಸವಾರಿಯೆಲ್ಲ ಮುಗಿದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಫೋನು ಉಪ್ಪುನೀರು ಕುಡಿದು ಕಣ್ಣು ಮುಚ್ಚಿತು. ನಿನ್ನಪ್ಪ ಮಾತ್ರ ಗಟ್ಟಿಮುಟ್ಟಾಗಿದ್ದಾನೆ, ಕೂರುವ ಜಾಗವೊಂದನ್ನು ಬಿಟ್ಟು!

ನಿನ್ನ ಗಂಡ ಮುಂದಾಳಾಗಿರುವ ಸೈಕಲ್ ಗುಂಪಿಗೆ ಈ ವಯಸ್ಸಿನಲ್ಲಿ ನಾನೇಕೆ ಸೇರಿದೆನೆಂಬುದು ನಮ್ಮಿಬ್ಬರಿಗೇ ಗೊತ್ತು. ಅವನು ಮನೆ ಬಿಟ್ಟು, ತನ್ನ ಸೈಕಲ್ ಅಂಗಡಿಯ ಅಟ್ಟ ಸೇರಿ ಮಳೆಗಾಲವೇ ಕಳೆಯಿತು. "ಅಪ್ಪಾ, ವಾಪಸ್ ಬರ್ತಾನಾ ಇಲ್ವಾ, ಅಷ್ಟು ಕೇಳ್ಕೊಂಡು ಬಾ ಸಾಕು," ಎಂದೆ ನೀನು. "ಕೇಳೋದೇನೇ! ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಬರ್ತೀನಿ!" ಎಂದು ಮೀಸೆ ತಿರುವಿ ಗರ್ಜಿಸಿದೆ ನಾನು.

ಆದರೆ ಕೇಳುವುದು ಯಾವಾಗ? ಅವನು ಸಾಲಿನ ತಲೆ, ನಾನು ಸಾಲಿನ ಬಾಲ. ಇವರದೊಂದು ಪದ್ಧತಿಯಿದೆ. ಕಷ್ಟದ ಜಾಗ ದಾಟಿದ ಮೇಲೆ ಮುಂದಾಳು ನಿಂತು "ಬಾಲ?" ಎಂದು ಕೂಗುತ್ತಾನೆ. ಕಟ್ಟಕಡೆಯ ಸವಾರ ತಾನೂ ದಾಟಿ "ಬಂತು!" ಎಂದರೆ ಮಾತ್ರ ಗುಂಪು ಮುಂದೆ ಹೊರಡುವುದು. ನನ್ನ ಕಂಠ ಕೇಳಿದವರೇ ಆ ಪಟ್ಟವನ್ನು ನನಗೆ ಕಟ್ಟಿಬಿಟ್ಟರು. ಕಾಡಿನ ದಾರಿಯಲ್ಲಿ ನಾನು ಬಾಯಿಬಿಟ್ಟರೆ ಹಕ್ಕಿಗಳು ಮರ ಬಿಟ್ಟು ಏಳುತ್ತಿದ್ದವು!

"ತಾತಾ, ನಿಮ್ಗೆ ಬೆಲ್ ಬೇಡ, ಸೈಲೆನ್ಸರ್ ಬೇಕು," ಎಂದಳು ನನ್ನ ಮುಂದೆ ಸೈಕಲ್ ತುಳಿಯುತ್ತಿದ್ದ ಹಲ್ಲಿನ ಡಾಕ್ಟರು.

"ನಿನ್ನ ಕುರ್ಚಿ ಮೇಲೆ ಕೂತೋರು ನನಗಿಂತ ಜೋರಾಗಿ ಕೂಗ್ತಾರಂತಲ್ಲಮ್ಮಾ!"

ನಗು ಅಲ್ಲಿಗೆ ಮುಗಿಯಿತು, ಮಗಳೇ. ಹೊರಟ ಮರುದಿನ ಬೆಳಿಗ್ಗೆ ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟಬೇಕಿತ್ತು. ನಡುವೆ ತಗ್ಗಾದ ಕಲ್ಲುದಾರಿ. ಉಬ್ಬರ ಬಂದರೆ ದಾರಿಯೇ ಸಮುದ್ರ. "ಯಾರೂ ಫೋಟೋಗೆ ಅಂತ ನಿಲ್ಬೇಡಿ, ನೀರು ಕಾಯಲ್ಲ," ಎಂದು ಹೇಳಿ ನಿನ್ನ ಗಂಡ ಮಂಜಿನೊಳಗೆ ನುಗ್ಗಿದ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ಕರಗಿಹೋದರು. ನಾನು ಪೆಡಲ್ ತುಳಿದೆ, ಕಾಲು ಗರಗರ ತಿರುಗಿತು, ಸೈಕಲ್ ಕದಲಲಿಲ್ಲ. ಚೈನು ಕಳಚಿತ್ತು!

ಮರಳಿನಲ್ಲಿ ಮಂಡಿಯೂರಿ ಚೈನಿನೊಡನೆ ಸೆಣಸುತ್ತಿದ್ದೇನೆ, ಆಚೆ ದಡದಿಂದ ಕೂಗು ಬಂತು: "ಬಾಲ?"

ಜೀವಮಾನವೆಲ್ಲ ರಂಗದ ಮೇಲೆ ಸವೆದ ಬಾಯಿ ಇದು! ಎದುರು ಪಾತ್ರದ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮಾತು ನನ್ನನ್ನು ಕೇಳದೆಯೇ ಹಾರುತ್ತದೆ. "ಬಂತೂ!" ಎಂದುಬಿಟ್ಟೆ.

ಎಂದ ಮೇಲೆ ಹೊಳೆಯಿತು, ನಾನಿನ್ನೂ ಈಚೆ ದಡದಲ್ಲೇ ಇದ್ದೇನೆ! ಬಂದಿಲ್ಲವೆಂದು ಮತ್ತೆ ಕೂಗಿದೆ, ಗಾಳಿ ತಿರುಗಿತ್ತು, ಕೂಗು ಆಚೆ ದಡ ಮುಟ್ಟಲಿಲ್ಲ. ಸೈಕಲ್ ತಳ್ಳಿಕೊಂಡೇ ಇಳಿದೆ. ನೀರು ಪಾದ ಮುಚ್ಚಿತು, ಮೊಣಕಾಲು ಹಿಡಿಯಿತು, ನಡುದಾರಿಗೆ ಬರುವಷ್ಟರಲ್ಲಿ ಕಾಲಡಿಯ ಕಲ್ಲೇ ಸಿಗಲಿಲ್ಲ. ಅಲೆಯೊಂದು ಸೈಕಲ್ಲನ್ನು ಎಳೆಯಿತು, ಸೈಕಲ್ ನನ್ನನ್ನು ಎಳೆಯಿತು.

"ಸೈಕಲ್ ಬಿಡಿ ಮಾವಾ!"

ಮಂಜು ಸೀಳಿಕೊಂಡು ಬರುತ್ತಿದ್ದ, ನಿನ್ನ ಗಂಡ!

"ಬಿಡಲಾರೆ!"

"ಡೈಲಾಗ್ ಆಮೇಲೆ ಹೊಡೀರಿ, ಮೊದ್ಲು ಬಿಡಿ!"

ಬಿಟ್ಟೆ. ಅವನ ತೋಳು ನನ್ನ ಸೊಂಟ ಬಳಸಿತು. "ನಾನು ಬಂದಿಲ್ಲ ಅಂತ ಹೇಗೆ ಗೊತ್ತಾಯ್ತಯ್ಯಾ?"

"ಬಂತು ಅಂದ್ರಿ. ದನಿ ಮಾತ್ರ ದೂರದಲ್ಲೇ ಇತ್ತು."

ಹೊರಟಾಗಿನಿಂದ ನಾವಿಬ್ಬರೇ ಸಿಕ್ಕಿದ್ದು ಅಲ್ಲೇ. ಕೇಳಿಬಿಟ್ಟೆ: "ಮನೆಗೆ ಬರ್ತೀಯೋ ಇಲ್ವೋ?"

"ಮಾವ, ಸೊಂಟದ ತನಕ ನೀರಿದೆ!"

"ಅದಕ್ಕೇ ಕೇಳ್ತಿರೋದು! ಇಲ್ಲಿಂದ ನೀನು ಎದ್ದು ಹೋಗೋಕಾಗಲ್ಲ!"

ಅವನು ನಗಲಿಲ್ಲ. "ಕಲ್ಲು ನೋಡ್ಕೊಂಡು ಕಾಲಿಡಿ," ಎಂದಷ್ಟೇ ಹೇಳಿ, ದಡದವರೆಗೂ ಹಿಡಿತ ಸಡಿಲಿಸದೆ ಕರೆತಂದ.

ದಡದಲ್ಲಿ ತನ್ನ ಚೀಲದಿಂದ ಒಣ ಅಂಗಿ ತೆಗೆದು ನನ್ನ ಪಾದ ಒರೆಸಿದ. ಉತ್ತರವೇನೆಂದು ಕೇಳುತ್ತೀಯಲ್ಲವೇ? ಅವನಿಗೆ ಇನ್ನಷ್ಟು ಕಾಲ ಬೇಕಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಎದೆ ಗಟ್ಟಿಯಾಗಿರಲಿ, ನಿನ್ನ ನಗು ಯಾರ ಹಂಗಿಲ್ಲದೆ ನಿನ್ನಲ್ಲೇ ಇರಲಿ, ತಾಯೀ.

ನಿನ್ನ,
ಅಪ್ಪ

ತಾ.ಕ.: ಕಾಲ ಬೇಕಂತೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಪಾದ ಒರೆಸುತ್ತಾ ಅವನು ಹೇಳಿದ್ದು ಇಷ್ಟು: "ನೀವು ಎಲ್ಲಿದ್ರೂ ನಾನು ಬರ್ತೀನಿ ಮಾವ. ಅವಳ ಹತ್ರ ಬಾ ಅಂತ ಮಾತ್ರ ಕರೀಬೇಡಿ. ಅದು ಮುಗೀತು." ಲಕೋಟೆ ಒಡೆಯುವ ಮೊದಲೇ ಗಟ್ಟಿಯಾದದ್ದೇನೋ ನಿನ್ನ ಬೆರಳಿಗೆ ತಗುಲಿರಬೇಕು. ನಿನ್ನ ಮನೆಯ ಬೀಗದ ಕೈ ಅದು, ಅವನ ಬಳಿ ಇದ್ದದ್ದು. ನಾನು ಕೈ ಚಾಚಲಿಲ್ಲ. ಅವನೇ ನನ್ನ ಜೇಬಿಗಿಳಿಸಿ, ಬಿದ್ದುಹೋಗದಿರಲೆಂದು ಜೇಬಿನ ಗುಂಡಿಯನ್ನೂ ಹಾಕಿದ.