ನರ ಅಂದುಬಿಟ್ಟೆ

ಅಕ್ಟೋಬರ್ 6, ಸಂಜೆ, ಕಲಬುರಗಿ ಹಾಸ್ಟೆಲ್

ಬೆಳಿಗ್ಗೆ ಬಿಪಿ 170/110. ಮೂರು ಮಾತ್ರೆ ನುಂಗಿದ ಮೇಲೂ. ಲ್ಯಾಬ್ ಮಿಸ್. ಫಸ್ಟ್ ಇಯರ್ ಟೆನ್ಶನ್ ಅಂತ ಎರಡು ತಿಂಗಳು ಎಲ್ಲರೂ ಅಂದರು. ಇವತ್ತು ಸ್ಕ್ಯಾನ್ ಬಂತು. ಫೈಬ್ರೊಮಸ್ಕ್ಯುಲರ್ ಡಿಸ್‌ಪ್ಲೇಸಿಯಾ. ಬಲಗಡೆ ಕಿಡ್ನಿಗೆ ರಕ್ತ ಒಯ್ಯುವ ಆರ್ಟರಿ ಮಣಿ ಸರದ ಹಾಗಿದೆ — ಉಬ್ಬು, ಸಣ್ಣ, ಉಬ್ಬು. ರಕ್ತ ಸಾಲದ ಕಿಡ್ನಿಯೇ ಬಿಪಿ ಏರಿಸುತ್ತಿದೆಯಂತೆ. ಅಪರೂಪ. 15ನೇ ತಾರೀಕು ಆರ್ಟರಿಯೊಳಗೆ ಬಲೂನ್ ಹಾಕಿ ಅಗಲ ಮಾಡುತ್ತಾರೆ.

"ಅಲ್ಲಿತನಕ ಒಂದ್ ಗುಳಿಗೀನೂ ತಪ್ಪಿಸಬ್ಯಾಡ. ತಲ್ಯಾಗ ರಕ್ತನಾಳ ಒಡದ್ರ ನನ್ನ ಕೈಯಾಗ ಏನೂ ಇಲ್ಲ" ಅಂದರು ಡಾಕ್ಟರ್.

ಫೋನಿನಲ್ಲಿ ಅವ್ವ: "ಇಂಗ್ಲಿಷ್ ಬ್ಯಾಡ ಬೇ, ತಿಳಿಯೂಹಂಗ ಹೇಳು."

ಆರ್ಟರಿಗೆ ಕನ್ನಡ... ಡಾಕ್ಟರ್ ಆಗಷ್ಟೇ ಅಂದಿದ್ದರು, ಬಾಯಿಗೆ ಬರಲಿಲ್ಲ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ, ಹಾಸ್ಟೆಲ್. ನರ ಅಂದೆ. ಕಿಡ್ನಿ ನರ ಸಣ್ಣಾಗ್ಯದ.

"ನರಾ ಏನು? ಅಷ್ಟೇ? ನಾಳಿಗೇ ಮನಿಗಿ ಬಾ."

ಅಕ್ಟೋಬರ್ 9, ಕರಜಗಿ, ಮನೆ

ಇಲ್ಲಿ ನರ ಅಂದರೆ ತುಳಜಾಬಾಯಿ. ಉಳುಕು, ಸೆಳೆತ, ಎಲ್ಲಕ್ಕೂ ಎಣ್ಣೆ ಹಚ್ಚಿ ತೀಡುವವಳು. ನನ್ನ ಸೊಂಟ ನೀಲಿಯಾಗಿದೆ.

"ನರ ಗಂಟ್ ಬಿದ್ದದ. ಒಂಬತ್ತ್ ದಿನ ತೀಡ್ತೇನಿ. ಗುಳಿಗಿ ಬಂದ್. ಅವು ನರ ಬಿಗೀತಾವ."

ಅವ್ವ ಮಾತ್ರೆಗಳನ್ನು ತಿಜೋರಿಯಲ್ಲಿಟ್ಟಳು. ಚಾವಿ ಅವಳ ಸೊಂಟದಲ್ಲಿ. ನರ ಅಲ್ಲ ಅವ್ವಾ, ಆರ್ಟರಿ ಅಂದೆ.

"ನೀನೇ ನರ ಅಂದಿ. ಸಾಲಿಗಿ ಕಳಿಸಿದ್ದು ನರದ ಹೆಸರು ಬದಲ್ ಮಾಡ್ಲಾಕೇನು?"

ತುಳಜಾಬಾಯಿ ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆ?

ಅಕ್ಟೋಬರ್ 12

ಕಿವಿಯೊಳಗೆ ಡಬ ಡಬ. ಓದಿದರೆ ಸಾಲುಗಳು ಜಾರುತ್ತವೆ. ಮಗ್ಗಲು ಮನೆಯ ನರ್ಸ್ ಶಮ್ಸುನ್ನಿಸಾ ಬಿಪಿ ನೋಡಿದರು. 204/126. ಮತ್ತೊಮ್ಮೆ ನೋಡಿದರು. ಅವ್ವನಿಗೆ ಹೇಳಿದರು.

ತುಳಜಾಬಾಯಿ: "ನರ ಬಿಚ್ಚುಮುಂದ ಏರೇ ಏರ್ತದ."

ಏರಿದರೂ ಅವಳದೇ ಸರಿ, ಇಳಿದರೂ ಅವಳದೇ ಸರಿ. ನಾನು ಎಲ್ಲಿಂದ ಹೊರಗೆ ಹೋಗಲಿ?

ಹೊರಡುವಾಗ ಶಮ್ಸುನ್ನಿಸಾ ಮೆಲ್ಲಗೆ, "ಮೊದಲ್ನೇ ಬಸ್ಸಿಗಿ ಕಲಬುರಗಿಗಿ ಹೋಗವ್ವ. 15ರ ತನಕ ಕಾಯಬ್ಯಾಡ."

ಅಕ್ಟೋಬರ್ 13, ಬಸ್ಸು

ಹೇಳದೆ ಬಂದೆ. ಅವ್ವನ ಫೋನ್.

"ಎಲ್ಲಿದ್ದಿ?"

"ಚೌಡಾಪುರ ದಾಟೇನಿ."

ಬಯ್ಯಲಿಲ್ಲ. ಅಂದದ್ದು ಇಷ್ಟೇ, "ಬಿಸಿಲ್ ಕಡಿ ಕೂಡಬ್ಯಾಡ."

ಅಕ್ಟೋಬರ್ 15, ಬೆಳಿಗ್ಗೆ 8:50, ಆಸ್ಪತ್ರೆ

ಎರಡು ದಿನ ಡ್ರಿಪ್. 152/96. ಒಂಬತ್ತಕ್ಕೆ ಒಳಗೆ ಒಯ್ಯುತ್ತಾರೆ. ಅವ್ವ ನಿನ್ನೆಯೇ ಬಂದಿದ್ದಾಳೆ. ತಲೆ ಬಾಚಿದಳು. ಒಪ್ಪಿಗೆಯ ಫಾರ್ಮ್ ಮಾತ್ರ ಮುಟ್ಟಲಿಲ್ಲ.

"ನಾ ಸಹಿ ಮಾಡೂದಿಲ್ಲ. ಏನಾರ ಆದ್ರ ನನ್ನ ಕೈಯಾರೆ ಮಾಡ್ದಂಗ ಆಗ್ತದ."

ಸಹಿ ಇಲ್ಲದಿದ್ದರೆ ಇವತ್ತು ಇಲ್ಲ, ಮುಂದಿನ ಡೇಟ್ ಗೊತ್ತಿಲ್ಲ. ಸಿಸ್ಟರ್ ಗಡಿಯಾರ ನೋಡಿದರು. ನನ್ನನ್ನು ನೋಡಿದರು.

"ವಯಸ್ಸೆಷ್ಟವ್ವ?"

"ಹದಿನೆಂಟ್ ಆಗ್ಯಾವ್ರಿ. ಜುಲೈದಾಗ."

"ಮತ್ತ ಅವ್ವನ ಮಾರಿ ಯಾಕ ನೋಡ್ತಿ? ನಿಂದೇ ಸಹಿ ನಡೀತದ. ಪೆನ್ ಅದ ಏನು?"

ಇದೆ. ಈಗ ಬರೆಯುತ್ತಿರುವ ಇದೇ —