ಏಳನೆಯ ಪ್ರಶ್ನೆಗೆ ನೀನು ಬರೆದ ಉತ್ತರ

ಕೈಲಾಂಚ,
ಭಾನುವಾರ

ಐವತ್ತೆರಡು ಕೆಜಿಯ ಮೇಲೆ ಒಂದು ಗ್ರಾಂ ತೂಗದ ಅಕ್ಕನ ಮಗಳು ಸುಮನಾಗೆ, ತೂಕದ ಗೊಡವೆಗೇ ಹೋಗದ ನಿನ್ನ ಮಾವ ಮನೋಹರ ಮಾಡುವ ಆಶೀರ್ವಾದ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಊಂ ಮಾವ, ಆಯ್ತು ಮಾವ" ಅಂದು ಇಟ್ಟುಬಿಡುತ್ತೀಯ. ಆ ಎರಡು ಮಾತಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನಾನು ಮೂರು ದಿನ ಸೋಸುತ್ತಾ ಕೂರಬೇಕು. ಅದಕ್ಕೇ ಕಾಗದ. ಇದನ್ನು ನಿನಗೆ ಕೊಡುವವರು ನಿನ್ನ ಕೋಚ್ ವಾಸಿಂ ಮಾಸ್ಟರ್. ನೀನು ಅರ್ಧ ಓದಿ ಮಡಚಿಡುತ್ತೀಯ ಎಂಬ ಅನುಮಾನ ಇರುವುದರಿಂದ, ಓದಿ ಮುಗಿಸುವ ತನಕ ಎದುರಿಗೇ ನಿಂತಿರಿ ಎಂದು ಅವರಿಗೆ ಹೇಳಿದ್ದೇನೆ. ಲಕೋಟೆಯಲ್ಲಿ ನೀನು ಸಹಿಗೆಂದು ಬಿಟ್ಟುಹೋದ ಫಾರಂ ಕೂಡ ಇದೆ. ಸಹಿಯ ಜಾಗ ಖಾಲಿ ಇದೆ. ಯಾಕೆ ಖಾಲಿ ಎಂಬುದೇ ಈ ಕಾಗದ.

ನನಗೆ ಅನುಮಾನ ಜಾಸ್ತಿ ಎಂದು ನಿನ್ನ ಅತ್ತೆ ಲತಾಮಣಿ ಇಪ್ಪತ್ತು ವರ್ಷದಿಂದ ದೂರುತ್ತಿದ್ದಾಳೆ. ನಮ್ಮ ಹಸುವಿನ ಹಾಲನ್ನೇ ನೀರು ಬೆರೆಸಿದ್ದಾರಾ ಎಂದು ಬೆರಳಿಗೆ ಹಚ್ಚಿ ನೋಡುವ ಗಂಡಸು ಜಿಲ್ಲೆಯಲ್ಲಿ ನಾನೊಬ್ಬನೇ ಅಂತೆ. ಇರಬಹುದು. ರೇಷ್ಮೆಹುಳು ಸಾಕುವವನಿಗೆ ಅನುಮಾನವೇ ಕಸುಬು. ಸಾವಿರ ಹುಳು ಸೊಪ್ಪು ಮೇಯುತ್ತಿರುವಾಗ ಮೇಯದ ಒಂದನ್ನು ಹುಡುಕಬೇಕು. ಹುಡುಕದಿದ್ದರೆ ನಾಳೆ ಸಾವಿರವೂ ಇರುವುದಿಲ್ಲ. ಕನ್ನಡ ಮೀಡಿಯಂ ಬಿ.ಎ.ಯಿಂದ ನನಗೆ ಪ್ರಾಸದ ಚಟ ಬಂತು, ಹುಳುಮನೆಯಿಂದ ಸಂಶಯದ ಚಟ ಬಂತು. ಮೊದಲನೆಯದರಿಂದ ಯಾರಿಗೂ ಪ್ರಯೋಜನವಿಲ್ಲ. ಎರಡನೆಯದರಿಂದ ನಿನಗಾದರೂ ಆಗಬೇಕಿತ್ತು, ಆಗಲಿಲ್ಲ.

ಆರು ವರ್ಷದ ಹಿಂದೆ ನೀನು ಕುದೂರಿನಿಂದ ನಮ್ಮ ಮನೆಗೆ ಬಂದಾಗ ಹೇಳಿದ್ದು ಜೂಡೋ. ನಿಮ್ಮ ಕಡೆ ರೈಲಿಲ್ಲ. ಇಲ್ಲಿಂದ ರಾಮನಗರದ ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹೋಗಿ, ಬೆಂಗಳೂರಿಗೆ ರೈಲು ಹತ್ತಿ, ಕಲಿತು, ಸಾಯಂಕಾಲ ವಾಪಸ್ ಬರುತ್ತೇನೆ ಎಂದೆ. ಶಾಲೆಯಲ್ಲಿ ಕಬಡ್ಡಿ ಆಡಿದ ಹುಡುಗಿ, ಆಡಲಿ ಬಿಡು ಎಂದುಕೊಂಡೆ. ಜೂಡೋ ಆಮೇಲೆ ಕುಸ್ತಿಯಾಯಿತು. ಕುಸ್ತಿಯ ಜೊತೆ ಬಾಕ್ಸಿಂಗ್ ಸೇರಿತು. ಒಂದು ದಿನ ಮೊಬೈಲು ತಂದು ತೋರಿಸಿದೆ: ಗುದ್ದು, ಒದೆ, ಕುಸ್ತಿ ಎಲ್ಲ ಒಟ್ಟಿಗೆ ಕಲಸಿ, ಸುತ್ತ ತಂತಿಬಲೆ ಕಟ್ಟಿ ಒಳಗೆ ನಿನ್ನನ್ನೂ ಇನ್ನೊಬ್ಬಳನ್ನೂ ಬಿಟ್ಟಿದ್ದರು. ಅದೇ ವಿಡಿಯೋ ಕುದೂರಿಗೂ ತಲುಪಿ, ನಿನ್ನ ಅವ್ವ ಮಾಯಮ್ಮ ನನಗೆ ಫೋನ್ ಮಾಡಿದಳು.

"ಲೇ ಮನೂ, ಹೆಣ್ ಮಗೀನ ತಕ್ಕೊಂಡೋಗಿ ಬೋನಿಗಾಕವ್ರಲ್ಲೋ! ನೀನೇನ್ ಕಡ್ದು ಗುಡ್ಡೆ ಹಾಕ್ತಿದ್ದೆ ಅಲ್ಲಿ?"

"ಅಕ್ಕಾ, ಒಸಿ ಸರಿಯಾಗಿ ನೋಡು," ಎಂದೆ. "ಬೋನಲ್ಲಿ ಎರಡು ಮಗ ಅವೆ. ಅಳ್ತಿರೋದು ನಮ್ದಲ್ಲ."

ದುಡ್ಡು ಪಡೆದು ಆಡುವ ವೃತ್ತಿಯ ಮೊದಲ ಪಂದ್ಯದಲ್ಲಿ ಪುಣೆಯ ಹುಡುಗಿಯನ್ನು ನೀನು ಎರಡನೇ ಸುತ್ತಿಗೇ ಮುಗಿಸಿದೆ. ಕೈಲಾಂಚ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದವನು ನಾನೇ. "ಹೆಸರು ಸುಮನಾ, ಕೆಲಸ ದಮನ, ಎದುರಾಳಿಗೆ ಊರಿನತ್ತ ಗಮನ" ಎಂದು ಬರೆದವನೂ ನಾನೇ. ಅದರಲ್ಲಿ ನನ್ನ ಫೋಟೋ ನಿನ್ನದಕ್ಕಿಂತ ದೊಡ್ಡದಾಗಿ ಬಂದಿತ್ತು. ಪ್ರಿಂಟಿನವನ ತಪ್ಪು ಎಂದು ನಿನಗೆ ಹೇಳಿದ್ದೆ. ಪ್ರಿಂಟಿನವನ ತಪ್ಪೇನೂ ಇರಲಿಲ್ಲ.

ನೀನು ಸಾಲಾಗಿ ನಾಲ್ಕು ಗೆದ್ದೆ. ಐದನೆಯದು ಪಾಯಿಂಟಿನಲ್ಲಿ ಹೋಯಿತು. ಆರನೆಯದು ಗೆದ್ದರೆ ಹೊರದೇಶದ ಕಂಪನಿ ಕರೆಯುತ್ತದೆ, ಸೋತರೆ ಮತ್ತೆ ಮೊದಲಿನಿಂದ ಎಂದು ನೀನೇ ಹೇಳಿದ್ದೆ. ಆಗಿನಿಂದ ನೀನು ಬೇರೆಯವಳಾದೆ. ನಾನು ಪತ್ತೇದಾರನಾದೆ.

ಯುಗಾದಿ ಕಳೆದ ಮೇಲೆ ನೀನು ಹುಳುಮನೆಗೆ ಹೋಗಿ ಕೂರತೊಡಗಿದೆ. ಹುಳುಮನೆ ಎಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಕೈಕಾಲು ತೊಳೆದುಕೊಂಡು, ಕಿಟಕಿಗೆಲ್ಲ ಪರದೆ ಬಿಟ್ಟ ಆ ಮಬ್ಬಿನಲ್ಲಿ ಗಂಟೆಗಟ್ಟಲೆ ಸುಮ್ಮನೆ. ಯಾರ ಜೊತೆಯೋ ಕದ್ದು ಮಾತಾಡುತ್ತಾಳೆ ಎಂದು ಬಾಗಿಲಿಗೆ ಕಿವಿಕೊಟ್ಟೆ. ಹುಳು ಸೊಪ್ಪು ಕಡಿಯುವ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಮೆಸೇಜಿನಲ್ಲೇ ಮಾತಾಡುತ್ತಾಳೆ, ಪಾಕಡ ಹುಡುಗಿ ಎಂದುಕೊಂಡೆ. ನೀನು ಅಡುಗೆಮನೆಯಲ್ಲೂ ಕಪ್ಪು ಕನ್ನಡಕ ಹಾಕಿಕೊಂಡು ಸಾರು ಬಡಿಸಿಕೊಂಡೆ. ಹೆಸರು ಬಂತು, ಪೊಗರೂ ಬಂತು ಎಂದು ತೀರ್ಮಾನಿಸಿದೆ. ನಿನ್ನ ಪ್ರೋಟೀನ್ ಪುಡಿಯ ಡಬ್ಬಿಯಲ್ಲಿ ಏನಿದೆಯೋ ಎಂದು ಒಂದು ಚಮಚ ಕದ್ದು ತಿಂದೆ. ಹಾಲಿನ ಪುಡಿಗೆ ಸೀಮೆಸುಣ್ಣ ಬೆರೆಸಿದ ರುಚಿ, ಎರಡು ದಿನ ಹೊಟ್ಟೆ ಉಬ್ಬರ. ಅಪರಾಧಿ ಸಿಗಲಿಲ್ಲ, ಪತ್ತೇದಾರನಿಗೆ ಶಿಕ್ಷೆಯಾಯಿತು.

ಒಂದು ಬೆಳಗ್ಗೆ ನಿನ್ನ ಹಿಂದೆಯೇ ಸ್ಟೇಷನ್ನಿಗೂ ಬಂದೆ. ನೀನು ಕಲ್ಲುಬೆಂಚಿನ ಮೇಲೆ ಹಣೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಕೂತಿದ್ದೆ. ಒಂದು ರೈಲು ಹೋಯಿತು, ಹತ್ತಲಿಲ್ಲ. ಇನ್ನೊಂದು ಹೋಯಿತು, ತಲೆ ಎತ್ತಲೂ ಇಲ್ಲ. ಯಾರಿಗೋ ಕಾಯುತ್ತಿದ್ದಾಳೆ, ಬರಬೇಕಾದವನು ಬಂದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅರ್ಧ ಗಂಟೆ ಕಂಬದ ಮರೆಯಲ್ಲಿ ನಿಂತು, ಗೂಢಚಾರಿಕೆ ಫಲಿಸಿತು ಎಂಬ ಸಮಾಧಾನದಲ್ಲಿ ಇಡ್ಲಿ ತಿಂದು ಮನೆಗೆ ಬಂದೆ. ನಾನು ಇಡ್ಲಿ ತಿನ್ನುವಾಗ ನಿನಗೆ ಆ ಪ್ಲಾಟ್‌ಫಾರಂ ಸುತ್ತುತ್ತಿತ್ತೇನೋ.

ನಿನ್ನ ಅತ್ತೆ ಬಿ.ಎ. ಓದಿಲ್ಲ. ಅವಳಿಗೆ ಮೊದಲೇ ಗೊತ್ತಾಗಿತ್ತು. "ಮಗ ಉಣ್ಣಾಕಿಲ್ಲ, ತಲೆ ಹಿಡ್ಕಂಡು ಕೂತ್ಕತದೆ. ಏನೋ ಆಗೈತೆ ಕಣ್ರೀ, ಒಸಿ ಕೇಳಿ," ಎಂದಳು. ನಾನು ಅವಳಿಗೇ ಪಾಠ ಹೇಳಿದೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದಲ್ಲ, ಅದನ್ನು ನಾವು ಜ್ವರಕ್ಕೆ ಕೂತವು ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಮುಟ್ಟಲೇಬಾರದು. ಮುಟ್ಟಿದರೆ ಪೊರೆ ಅರ್ಧಕ್ಕೆ ನಿಂತು ಹುಳು ಸಾಯುತ್ತದೆ. "ಪಂದ್ಯಕ್ಕೆ ಮುಂಚೆ ಅವಳು ತೂಕ ಇಳಿಸ್ತಾಳೆ ಕಣೇ, ಇದೂ ಹಂಗೇಯ. ಯಾರೂ ಅವಳ ತಂಟೆಗೆ ಹೋಗ್ಬೇಡಿ," ಎಂದು ಮನೆಗೆಲ್ಲ ಕಟ್ಟಪ್ಪಣೆ ಮಾಡಿದೆ. ಯಾರೂ ಹೋಗಲಿಲ್ಲ. ಊಟಕ್ಕೆ ಕರೆಯುವುದನ್ನೂ ಬಿಟ್ಟರು. ರೋಗ ತಗುಲಿದ ಹುಳುವೂ ಮೇವು ಬಿಡುತ್ತದೆ ಸುಮನಾ. ಅದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯದವನು ಹುಳುಮನೆಗೆ ಕಾಲಿಡಬಾರದು ಎಂದು ಹೊಸಬರಿಗೆ ಬುದ್ಧಿ ಹೇಳುವವನು ನಾನು.

ಗುರುವಾರ ನೀನು ಪಂದ್ಯದ ಫಾರಂ ತಂದೆ. ನಾಲ್ಕು ಪುಟ ಇಂಗ್ಲಿಷು, ಕೊನೆಯಲ್ಲಿ ಮನೆಯವರೊಬ್ಬರ ಸಹಿ. ಹಿಂದೆ ಐದು ಸಲವೂ ನೀನು ತೋರಿಸಿದ ಕಡೆ ಬರೆದಿದ್ದೆ, ಓದಿರಲಿಲ್ಲ. ಈ ಸಲ ನೀನು "ಇಲ್ಲಿ ಹಾಕು ಮಾವ, ಸುಮ್ನೆ ಫಾರ್ಮಾಲಿಟಿ" ಎಂದು ಎರಡನೇ ಪುಟದ ಮೇಲೆ ಅಂಗೈ ಊರಿಕೊಂಡಿದ್ದೆ. ಕೊನೆಯ ಪುಟದ ಸಹಿಗೆ ಎರಡನೇ ಪುಟದ ಮೇಲೆ ಕೈ ಯಾಕೆ? ನಾಳೆ ಹಾಕುತ್ತೇನೆ ಎಂದೆ. ಶುಕ್ರವಾರ ಬೆಳಗ್ಗೆ ನೀನು ತರಬೇತಿ ಶಿಬಿರದ ಹಾಸ್ಟೆಲ್ಲಿಗೆ ಹೋದೆ. ನಾನು ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ಕೂತೆ.

ಏಳನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕಳೆದ ಆರು ತಿಂಗಳಲ್ಲಿ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿತ್ತೆ? ಆಮೇಲೆ ತಲೆನೋವು, ಬೆಳಕು ತಡೆಯದಿರುವುದು, ತಲೆಸುತ್ತು, ಮರೆವು ಇವೆಯೆ? ನೀನು 'ಇಲ್ಲ' ಎಂದು ಗುರುತು ಹಾಕಿದ್ದೆ. ಉಳಿದ ಉತ್ತರಗಳೆಲ್ಲ ಮಾಮೂಲಿ ಇವೆ. ಅಲ್ಲಿ ಮಾತ್ರ ಪೆನ್ನು ಒತ್ತಿ, ಗುರುತು ಹಾಳೆಯ ಹಿಂಬದಿಗೂ ಮೂಡಿದೆ. ನನಗದು ಪ್ರಶ್ನೆಯಂತೆ ಕಾಣಲಿಲ್ಲ. ಎರಡು ತಿಂಗಳು ನಾನು ನಿನ್ನ ಹಿಂದೆ ತಿರುಗಿ ಗುಡ್ಡೆ ಹಾಕಿದ್ದ ಸಾಕ್ಷಿಗಳನ್ನೆಲ್ಲ ಯಾರೋ ಇಂಗ್ಲಿಷಿನಲ್ಲಿ ಸಾಲಾಗಿ ಬರೆದಿಟ್ಟಂತಿತ್ತು.

ಆಗಲೂ ನಾನು ಮೊದಲು ಅನುಮಾನಿಸಿದ್ದು ನಿನ್ನ ಕೋಚನ್ನೇ. ಇವನೇ ಮುಚ್ಚಿಟ್ಟಿದ್ದಾನೆ, ಶಿಷ್ಯೆ ಗೆದ್ದರೆ ಇವನಿಗೂ ಹೆಸರಲ್ಲವೇ ಎಂದು. ನಿನ್ನೆ ನಾನು ಕರೆದದ್ದಕ್ಕೆ ವಾಸಿಂ ಮಾಸ್ಟರ್ ಚನ್ನಪಟ್ಟಣದ ತಮ್ಮ ಮನೆಯಿಂದ ಬೈಕಿನಲ್ಲಿ ಬಂದರು. ಟೀ ಕುಡಿಯುತ್ತಾ ಒಬ್ಬರ ಮುಖ ಒಬ್ಬರು ಕಳ್ಳರನ್ನು ನೋಡುವ ಹಾಗೆ ನೋಡಿದೆವು. ಕೊನೆಗೆ ಅವರೇ ಬಾಯಿಬಿಟ್ಟರು: "ತಪ್ಪು ತಿಳೀಬೇಡಿ ಸಾರ್. ನೀವೇ ಅವ್ಳಿಗೆ ಗಂಡು ನೋಡ್ತಿದ್ದೀರಿ, ಮನೇಲಿ ಗಲಾಟೆ ನಡೀತೈತೆ, ಅದಕ್ಕೇ ಹುಡ್ಗಿ ಹಿಂಗೆ ಮಂಕಾಗವ್ಳೆ ಅಂದ್ಕೊಂಡಿದ್ದೆ. ನಿಮ್ಮನ್ನ ಬೈಕೊಂಡೇ ಇಲ್ಲೀಗಂಟ ಬಂದಿದ್ದು."

ನಾನು ಏಳನೆಯ ಪ್ರಶ್ನೆ ತೋರಿಸಿದೆ. ಟೀ ಲೋಟ ಹಾಗೇ ಕೆಳಗಿಟ್ಟು ಅವರು ಗೊತ್ತಿದ್ದ ಜಿಮ್ಮುಗಳಿಗೆಲ್ಲ ಒಂದೊಂದೇ ಫೋನ್ ಮಾಡಿದರು. ನಾಲ್ಕನೆಯದಕ್ಕೆ ಗೊತ್ತಾಯಿತು. ಯುಗಾದಿಯ ಮರುವಾರ ನೀನು ಅವರಿಗೂ ಹೇಳದೆ ಬೇರೊಂದು ಜಿಮ್ಮಿಗೆ ಹೋಗಿ, ನಿನಗಿಂತ ಹದಿನೈದು ಕೆಜಿ ಹೆಚ್ಚಿನ ಹುಡುಗನ ಜೊತೆ ಅಭ್ಯಾಸಕ್ಕೆ ಇಳಿದೆ. ಅವನ ಮೊಣಕಾಲು ನಿನ್ನ ಕಿವಿಯ ಮೇಲೆ ಬಿತ್ತು. ಅರ್ಧ ನಿಮಿಷ ನೀನು ಏಳಲಿಲ್ಲ. ಎದ್ದ ಮೇಲೆ ಯಾವ ಊರು ಎಂದು ಕೇಳಿದ್ದಕ್ಕೆ ಹಳೆಯ ಶಾಲೆಯ ಹೆಸರು ಹೇಳಿದೆಯಂತೆ. ಆಮೇಲೆ ಯಾರಿಗೂ ಹೇಳಬೇಡಿ ಎಂದು ಕೈ ಮುಗಿದೆಯಂತೆ. ವಾಸಿಂ ಮಾಸ್ಟರ್ ಫೋನ್ ಇಟ್ಟು, "ನಂಗೆ ಹೇಳಿದ್ರೆ ಫೈಟ್ ನಿಲ್ಲಿಸ್ತೀನಿ ಅಂತ ಗೊತ್ತಿತ್ತಲ್ಲ ಸಾರ್ ಅವ್ಳಿಗೆ" ಎಂದು ಮುಖ ಆ ಕಡೆ ತಿರುಗಿಸಿಕೊಂಡರು.

ತಮ್ಮ ಪರಿಚಯದ ಡಾಕ್ಟರಮ್ಮನಿಗೂ ಫೋನ್ ಹಚ್ಚಿಕೊಟ್ಟರು. ನಾನು ನೋಡಿದ್ದನ್ನೆಲ್ಲ ಹೇಳಿದೆ. ಪಂದ್ಯ ಯಾವಾಗ ಎಂದು ಕೇಳಿದರು. ಇನ್ನು ಹದಿನಾಲ್ಕು ದಿನ ಎಂದೆ. "ಒಳಗಿನ ಪೆಟ್ಟು ಮಾಯೋ ಮೊದ್ಲು ಅದ್ರ ಮೇಲೆ ಇನ್ನೊಂದು ಬಿದ್ರೆ, ಆಮೇಲೆ ನಾವು ಮಾಡೋಕೆ ಏನೂ ಉಳಿಯಲ್ಲ ಮನೋಹರ್ ಅವ್ರೇ," ಎಂದರು.

ಈಗ ಹೇಳಬೇಕಾದ್ದು ನನ್ನ ಮೇಲಿನ ಅನುಮಾನ. ಹೋದ ತಿಂಗಳು ಒಂದು ಸಾಯಂಕಾಲ ಹುಳುಮನೆಯಲ್ಲಿ ನೀನು, "ಮಾವ, ಮೂರನೇ ಜ್ವರ ಎದ್ದವಾ?" ಎಂದು ಕೇಳಿದೆ. ಪೊರೆ ಬಿಟ್ಟು ಎದ್ದವು ಎಂದೆ. ಸೊಪ್ಪು ಹಾಕುತ್ತಾ ರ್ಯಾಕಿನ ಆ ತುದಿಗೆ ಹೋಗಿ ಬರುವಷ್ಟರಲ್ಲಿ, ನೀನು ಅದೇ ದನಿಯಲ್ಲಿ, ಅದೇ ಮಾತು ಕೇಳಿದೆ: "ಮಾವ, ಮೂರನೇ ಜ್ವರ ಎದ್ದವಾ?" ತಮಾಷೆ ಮಾಡುತ್ತಿದ್ದೀಯ ಎಂದುಕೊಂಡೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತು ನನ್ನ ಕೈ ನಿಂತಿತು. ನಿನ್ನ ಮುಖ ನೋಡಿದೆ. ತಮಾಷೆಯ ಮುಖ ಅಲ್ಲ ಅದು. ಆದರೂ "ಎದ್ದವು ಕಣವ್ವ" ಎಂದು ಮತ್ತೆ ಹೇಳಿ ಮುಂದಿನ ತಟ್ಟೆಗೆ ಹೋದೆ. ಬೀದಿಯಲ್ಲಿ ನನ್ನನ್ನು 'ಫೈಟರ್ ಮಾವ' ಎಂದು ಕರೆಯುತ್ತಾರೆ ಸುಮನಾ. ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯ, ಹೇಳಿದರೆ ನಾನು ಬರೀ ಮಾವ ಆಗಿಬಿಡುತ್ತೇನೆ. ಸಾಕಿದ ಹಸುವಿನ ಹಾಲನ್ನೂ ನಂಬದವನು ಅವತ್ತು ಕಣ್ಣಾರೆ ಕಂಡದ್ದನ್ನು ನಂಬಲಿಲ್ಲ.

ನಾನೇನು ಮಾಡಿದ್ದೇನೆ ಕೇಳು. ಇವತ್ತು ಬೆಳಗ್ಗೆ ವಾಸಿಂ ಮಾಸ್ಟರ್ ಮತ್ತೆ ಬಂದು, ಪಂದ್ಯ ನಡೆಸುವವರಿಗೆ ನನ್ನ ಎದುರಿಗೇ ಫೋನ್ ಮಾಡಿ ಎಲ್ಲ ಹೇಳಿದರು. ನಿನ್ನ ಹೆಸರು ತೆಗೆದಿದ್ದಾರೆ. ಅವ್ವನ ಸಹಿ ತರುತ್ತೀಯ ಎಂಬ ಅನುಮಾನದಿಂದ ಅಕ್ಕನಿಗೂ ಹೇಳಿದ್ದೇನೆ. ಅವಳು ಅತ್ತಳು, ನನ್ನ ಏಳು ತಲೆಮಾರನ್ನು ಬೈದಳು. ಅವೇ ಏಳು ತಲೆಮಾರು ಅವಳವೂ ಹೌದು ಎಂದು ಜ್ಞಾಪಿಸಲು ಧೈರ್ಯ ಬರಲಿಲ್ಲ. ಮಂಗಳವಾರ ಸ್ಕ್ಯಾನಿಂಗಿಗೆ ಹೇಳಿದ್ದೇವೆ. ಎಂಟು ಗಂಟೆಗೆ ನಾನು ಹಾಸ್ಟೆಲ್ಲಿನ ಮುಂಬಾಗಿಲಲ್ಲಿ ಇರುತ್ತೇನೆ. ಹಿಂಬಾಗಿಲಲ್ಲಿ ವಾಸಿಂ ಮಾಸ್ಟರ್ ಇರುತ್ತಾರೆ.

ಆಟ ಬಿಟ್ಟುಬಿಡು ಎನ್ನುತ್ತಿಲ್ಲ. ಮಾಯುವುದಕ್ಕೆ ಎಷ್ಟು ತಿಂಗಳು ಬೇಕೋ ಅಷ್ಟು ಆಗಲಿ. ಆಮೇಲೆ ಡಾಕ್ಟರಮ್ಮ ಇಳಿಯಬಹುದು ಎಂದರೆ ಇಳಿ. ನಾಲ್ಕು ಪುಟ ಅಲ್ಲ, ನಲವತ್ತು ಪುಟದ ಫಾರಂ ತಾ. ಓದಿಯೇ ಸಹಿ ಹಾಕುತ್ತೇನೆ. ಇಳಿಯಬಾರದು ಎಂದರೆ ಏನು ಮಾಡುವುದು ಎಂದು ನನಗೆ ಗೊತ್ತಿಲ್ಲ. ಅದಕ್ಕೆ ಪ್ರಾಸವೂ ಸಿಗುತ್ತಿಲ್ಲ. ಆರು ವರ್ಷ ಬೆಳಗಿನ ರೈಲು ಹಿಡಿದು ನೀನು ಕಟ್ಟಿದ್ದನ್ನು ನಾನು ಒಂದು ಬೆಳಗ್ಗೆ ಕಿತ್ತೆ ಎಂಬುದು ಮಾತ್ರ ಗೊತ್ತಿದೆ. ನೀನು ನನ್ನ ಜೊತೆ ಮಾತು ಬಿಡುತ್ತೀಯ ಎಂಬುದೂ ಗೊತ್ತಿದೆ. ಬಿಡು. ಆಸ್ಪತ್ರೆಗೆ ಬರುವುದಕ್ಕೆ ಮಾತು ಬೇಕಿಲ್ಲ.

ಗೆದ್ದು ಬಾ ಎಂದು ಹರಸಿ ರೂಢಿಯಾದ ಬಾಯಿ ಇದು. ಈ ಸಲ ಬೇರೆ ಹರಸುತ್ತೇನೆ. ಎಂಬತ್ತು ವರ್ಷ ಬದುಕು. ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು, ನನಗೊಬ್ಬ ಮಾವ ಇದ್ದ, ನನ್ನ ಆರನೇ ಪಂದ್ಯ ಕೆಡಿಸಿದ ಅಂತ, ದಿನ, ವಾರ, ಎದುರಾಳಿಯ ಊರು ಹೆಸರಿನ ಸಮೇತ, ಒಂದನ್ನೂ ಮರೆಯದೆ ನನ್ನನ್ನು ಬೈಯುವ ಭಾಗ್ಯ ನಿನ್ನದಾಗಲಿ.

ಬೈಸಿಕೊಳ್ಳಲು ಸಿದ್ಧನಿರುವ,
ನಿನ್ನ ಮಾವ
ಮನೋಹರ